ಕೇಳಿ, ಹೇಳ್ತೀವಿ: ಪೂಲ್ ನಂಬರ್ ಏರಿಸೋ ಮುಂಚೆ ಒಂದ್ನಿಮಿಷ

ಪ್ರಶ್ನೆ: ಸರ್, ನಾನು ಪೀಣ್ಯದ ಒಂದು ಕಂಪನೀಲಿ ಸರ್ವರ್ ಅಡ್ಮಿನ್. ನಮ್ಮ ಡೀಲರ್ ಪೋರ್ಟಲ್ ಟಾಮ್‌ಕ್ಯಾಟ್ ಅನ್ನೋ ಜಾವಾ ವೆಬ್ ಸರ್ವರ್ ಮೇಲೆ ಓಡತ್ತೆ, ಆರ್ಡರ್ ಎಲ್ಲಾ ಜೇಕೋ ಮೂಲಕ ಕಂಪನಿ ವ್ಯವಹಾರದ ಲೆಕ್ಕ ಇಡೋ ಸ್ಯಾಪ್ ಸಾಫ್ಟ್‌ವೇರ್‌ಗೆ ಹೋಗತ್ತೆ. ಎರಡ್ಮೂರು ದಿನಕ್ಕೊಂದ್ಸಲ 'ಕನೆಕ್ಷನ್ ಪೂಲ್ ಎಕ್ಸಾಸ್ಟೆಡ್' ಅಂತ ಎರರ್ ಬಂದು ಪೋರ್ಟಲ್ ನಿಂತುಬಿಡತ್ತೆ. ಪೀಕ್ ಲಿಮಿಟ್ 10 ಇತ್ತು, 20 ಮಾಡ್ದೆ, 50 ಮಾಡ್ದೆ, ಈಗ 100. ರೀಸ್ಟಾರ್ಟ್ ಮಾಡಿದ್ರೆ ಸರಿಹೋಗತ್ತೆ. ಸ್ಯಾಪ್ ಸರ್ವರ್ ನೋಡ್ಕೊಳ್ಳೋ ಬೇಸಿಸ್ ಟೀಮ್‌ನವ್ರು ಬೈತಿದಾರೆ. ಇನ್ನೂ ಏರಿಸ್ಲಾ?
(ಓದುಗರು, ಬೆಂಗಳೂರು)

ಉತ್ತರ: ಬೇಡ ಮಾರಾಯ್ರೆ, ಕೈ ಮುಗೀತೀನಿ. ನಿಮ್ಮ ಪತ್ರದಲ್ಲೇ ಉತ್ತರ ಇದೆ, 'ರೀಸ್ಟಾರ್ಟ್ ಮಾಡಿದ್ರೆ ಸರಿಹೋಗತ್ತೆ' ಅಂದ್ರಲ್ಲ, ಅದೇ. ಡೀಲರ್‌ಗಳು ಜಾಸ್ತಿಯಾಗಿ ಪೂಲ್ ತುಂಬಿದ್ರೆ ರಶ್ ಇಳಿದ್ಮೇಲೆ ತಾನಾಗೇ ಸರಿಹೋಗ್ಬೇಕಿತ್ತು. ಹೋಗ್ತಿಲ್ಲ ಅಂದ್ರೆ ಯಾರೋ ಕನೆಕ್ಷನ್ ಇಸ್ಕೊಂಡು ವಾಪಸ್ ಕೊಡ್ತಿಲ್ಲ.

ಗೊತ್ತಿಲ್ದೋರಿಗೆ ಹೇಳ್ಬಿಡ್ತೀನಿ, ಜೇಕೋ ಅಂದ್ರೆ ಜಾವಾ ಕಡೆಯಿಂದ ಸ್ಯಾಪ್ ಒಳಗಿನ ಫಂಕ್ಷನ್ ಕರೆಯೋಕೆ ಸ್ಯಾಪ್‌ನವರೇ ಕೊಡೋ ಲೈಬ್ರರಿ. ಅದು ಕನೆಕ್ಷನ್‌ಗಳನ್ನ ಒಟ್ಟಿಗೆ ಇಟ್ಕೊಂಡು ಕೇಳ್ದೋರಿಗೆ ಕೊಟ್ಟು ವಾಪಸ್ ಇಸ್ಕೊಳ್ಳೋ ಗುಂಪೇ ಪೂಲ್. ಅದ್ರಲ್ಲಿ ಪೂಲ್ ಕೆಪಾಸಿಟಿ ಬೇರೆ, ಪೀಕ್ ಲಿಮಿಟ್ ಬೇರೆ, ಇವೆರಡನ್ನೂ ಒಂದೇ ಅಂದ್ಕೊಳ್ಳೋರೇ ಜಾಸ್ತಿ. ಕೆಲಸ ಮುಗಿದ್ಮೇಲೂ ಮುಚ್ಚದೆ ಎಷ್ಟು ಕನೆಕ್ಷನ್ ಇಟ್ಕೊಂಡಿರ್ಬೇಕು ಅನ್ನೋದು ಕೆಪಾಸಿಟಿ, ಏಕಕಾಲಕ್ಕೆ ಹೆಚ್ಚಂದ್ರೆ ಎಷ್ಟು ಹೊರಗೆ ಹೋಗ್ಬಹುದು ಅನ್ನೋದು ಪೀಕ್ ಲಿಮಿಟ್. ಅದು ತುಂಬಿದ್ರೆ ಜೇಕೋ ಡಿಫಾಲ್ಟಾಗಿ 30 ಸೆಕೆಂಡ್ ಕಾಯತ್ತೆ, ಆಮೇಲೆ ನಿಮಗೆ ಬಂತಲ್ಲ ಆ ಎರರ್ ಎಸೆಯತ್ತೆ.

ಈಗ ಡೆವಲಪರ್ ಹತ್ರ ಹೋಗಿ ಆರ್ಡರ್ ಹಾಕೋ ಕೋಡ್ ತೆಗೆಸಿ. ನನ್ನ ಅಂದಾಜು ಏನಂದ್ರೆ, ಮೊದಲು ಒಂದೇ ಕನೆಕ್ಷನ್ ಹಿಡಿದಿಡೋ ಜೇಕೋ ಕಾಂಟೆಕ್ಸ್ಟ್ ಬಿಗಿನ್ ಇರತ್ತೆ, ಆಮೇಲೆ ಆರ್ಡರ್ ಮಾಡೋ ಸ್ಯಾಪ್ ಫಂಕ್ಷನ್, ಅಂದ್ರೆ ಬಾಪಿ, ಆಮೇಲೆ ರಿಟರ್ನ್ ಟೇಬಲ್ ನೋಡಿ ಅದ್ರಲ್ಲಿ ತಪ್ಪಿದ್ರೆ ಎಕ್ಸೆಪ್ಷನ್ ಎಸೆಯೋ ಸಾಲು, ಆಮೇಲೆ ಕೆಲಸ ಖಾಯಂ ಮಾಡೋ ಕಮಿಟ್, ಕಟ್ಟಕಡೇಲಿ ಕನೆಕ್ಷನ್ ವಾಪಸ್ ಬಿಡೋ ಎಂಡ್. ಯಾವನೋ ಡೀಲರ್ ತಪ್ಪು ಐಟಂ ಕೋಡ್ ಹಾಕ್ದ ಅಂದ್ಕೊಳ್ಳಿ, ಎಕ್ಸೆಪ್ಷನ್ ಹಾರಿ ಹೋಯ್ತು, ಎಂಡ್ ನಡೀಲೇ ಇಲ್ಲ. ಆ ಕನೆಕ್ಷನ್ ಆ ಥ್ರೆಡ್‌ಗೇ, ಅಂದ್ರೆ ಆ ಡೀಲರ್‌ನ ಕೋರಿಕೆ ನಡೆಸ್ತಿದ್ದ ಎಳೆಗೇ, ಗಂಟುಬಿತ್ತು. ಟಾಮ್‌ಕ್ಯಾಟ್‌ನಲ್ಲಿ ಡಿಫಾಲ್ಟ್ 200 ಥ್ರೆಡ್ ತನಕ ಹೋಗತ್ತೆ, ಒಂದೊಂದೂ ಒಂದೊಂದು ಕನೆಕ್ಷನ್ ಹಿಡ್ಕೊಂಡು ಕೂತ್ರೆ ನಿಮ್ಮ 100 ಎಲ್ಲಿ ಸಾಕಾಗತ್ತೆ ಹೇಳಿ? ಹಿಂದಿನ ಡೀಲರ್‌ನ ಅರ್ಧಂಬರ್ಧ ಕೆಲಸ ಅದೇ ಸೆಷನ್‌ನಲ್ಲಿ ಉಳಿದಿರೋ ಅಪಾಯ ಬೇರೆ. ಎಂಡ್‌ನ, ಎಕ್ಸೆಪ್ಷನ್ ಬಂದ್ರೂ ತಪ್ಪದೇ ನಡೆಯೋ ಫೈನಲಿ ಬ್ಲಾಕ್‌ಗೆ ಹಾಕ್ಸಿ, ಅಷ್ಟೇ ಕೆಲಸ.

ಹಾಗಂತ 'ಈ ಬಿಗಿನ್ ಎಂಡ್ ಸಹವಾಸವೇ ಬೇಡ' ಅಂತ ಡೆವಲಪರ್ ಎರಡನ್ನೂ ಕಿತ್ತು ಹಾಕ್ದೇ ಇರೋ ಹಾಗೆ ನೋಡ್ಕೊಳ್ಳಿ. ಅವಿಲ್ದಿದ್ರೆ ಬಾಪಿ ಒಂದು ಕನೆಕ್ಷನ್‌ನಲ್ಲಿ, ಕಮಿಟ್ ಇನ್ನೊಂದ್ರಲ್ಲಿ ಹೋಗ್ಬಹುದು. ಡೀಲರ್‌ಗೆ ಆರ್ಡರ್ ನಂಬರ್ ಬಂದಿರತ್ತೆ, ಸ್ಯಾಪ್‌ನಲ್ಲಿ ಹುಡುಕಿದ್ರೆ ಆ ಆರ್ಡರ್ರೇ ಇರಲ್ಲ, ಎರಡೂ ಕಡೆ ಲಾಗ್‌ನಲ್ಲಿ ಎರರ್ ಅನ್ನೋದೂ ಇರಲ್ಲ. ಪೂಲ್ ತುಂಬೋದಕ್ಕಿಂತ ನೂರು ಪಾಲು ಕೆಟ್ಟದ್ದು ಅದು.

ಬೇಸಿಸ್‌ನವ್ರು ಬೈಯೋದ್ರಲ್ಲೂ ನ್ಯಾಯ ಇದೆ. ಸುಮ್ನೆ ಕೂತ ಕನೆಕ್ಷನ್ ಸ್ಯಾಪ್‌ನಲ್ಲಿ ಕೆಲಸ ನಡೆಸೋ ವರ್ಕ್ ಪ್ರೋಸೆಸ್ ತಿನ್ನಲ್ಲ, ಆದ್ರೆ ಹೊರಗಿನ ಕನೆಕ್ಷನ್ ಒಳಬರೋ ಗೇಟ್‌ವೇನಲ್ಲಿ ಜಾಗ, ಸೆಷನ್ ಮೆಮೊರಿ ತಿನ್ನತ್ತೆ. 100ಕ್ಕೆ 100 ಒಟ್ಟಿಗೆ ಎದ್ರೆ ಬಳಕೆದಾರರ ಕೆಲಸಾನೂ ನಡೆಸೋ ಡೈಲಾಗ್ ಪ್ರೋಸೆಸ್ ಎಲ್ಲಾ ಭರ್ತಿ, ಅಕೌಂಟ್ಸ್‌ನಲ್ಲಿ ಕೂತೋರ ಸ್ಕ್ರೀನ್ ಸುತ್ತುತ್ತಾ ಇರತ್ತೆ. ಅವ್ರ ಜೊತೆ ಕೂತು ಸ್ಯಾಪ್ ಒಳಗಿರೋ ಸೆಷನ್‌ಗಳನ್ನ ತೋರ್ಸೋ ಎಸ್‌ಎಂ04 ಸ್ಕ್ರೀನ್ ತೆಗೆಸಿ ನೋಡಿ, ಬೆಳಿಗ್ಗೆಯಿಂದ ಅಲುಗಾಡದೇ ಇರೋ ಆರ್‌ಎಫ್‌ಸಿ (ಹೊರಗಿನಿಂದ ಸ್ಯಾಪ್ ಫಂಕ್ಷನ್ ಕರೆಯೋ ದಾರಿ) ಸೆಷನ್ ಸಾಲಾಗಿ ಕಾಣತ್ತೆ. ನಿಮ್ಮ ಕಡೆ, ಜೇಕೋ ಡೆಸ್ಟಿನೇಷನ್ ಮಾನಿಟರ್‌ನಿಂದ ಬಳಕೆಯಲ್ಲಿರೋ ಕನೆಕ್ಷನ್ ಎಷ್ಟು ಅಂತ ಐದೈದು ನಿಮಿಷಕ್ಕೆ ಲಾಗ್‌ಗೆ ಬರೆಸಿ. ರಾತ್ರಿ ಪೋರ್ಟಲ್‌ನಲ್ಲಿ ಯಾರೂ ಇಲ್ದಿದ್ದಾಗ ಆ ಸಂಖ್ಯೆ ಸೊನ್ನೆಗೆ ಇಳೀಬೇಕು. ಇಳೀಲಿಲ್ವಾ, ಸೋರ್ತಿದೆ. ಸರಿಯಾದ್ಮೇಲೆ ಲಿಮಿಟ್‌ನ 20ಕ್ಕೆ ಇಳ್ಸಿ ನೋಡಿ.

ಪ್ರಶ್ನೆ: ಕೋಡ್ ಪ್ಯಾಕ್ ಮಾಡೋ ಬಿಲ್ಡ್‌ನ ಮೇವನ್ ಟೂಲ್‌ಗೆ ಬದಲಾಯಿಸಿದ್ಮೇಲೆ 'ಇಲ್ಲೀಗಲ್ ಜೇಕೋ ಆರ್ಕೈವ್' ಅಂತ ಬರ್ತಿದೆ. ಜೇಕೋದ ಜಾರ್ ಫೈಲ್ ಅದೇ ಇದೆ, ಲೈಸೆನ್ಸ್ ಸಮಸ್ಯೆನಾ?
(ಓದುಗರು, ಮೈಸೂರು)

ಉತ್ತರ: ಲೈಸೆನ್ಸೂ ಇಲ್ಲ ಏನೂ ಇಲ್ಲ. ಮೇವನ್ ಫೈಲ್ ಹೆಸರಿಗೆ ವರ್ಷನ್ ನಂಬರ್ ಬಾಲ ಅಂಟಿಸಿರತ್ತೆ. ಈ ಜಾರ್ ಹೆಸರು ಬದಲಾದ್ರೆ ಓಡಲ್ಲ, ಸ್ಯಾಪ್‌ನವ್ರೇ ಹಾಗೆ ಮಾಡಿಟ್ಟಿದಾರೆ. 'ಸ್ಯಾಪ್‌ಜೇಕೋ3 ಡಾಟ್ ಜಾರ್' ಅಂತಲೇ ಇರ್ಬೇಕು. ಹಾಗೇ ಅದ್ರ ಜೊತೆಗಿನ ನೇಟಿವ್ ಲೈಬ್ರರೀನೂ (ಜಾವಾ ಅಲ್ದೆ ಆಪರೇಟಿಂಗ್ ಸಿಸ್ಟಮ್‌ಗೇ ಮಾಡಿದ ಫೈಲ್) ಅದೇ ವರ್ಷನ್‌ದಾ ನೋಡಿ. ಎರಡನ್ನೂ ಟಾಮ್‌ಕ್ಯಾಟ್‌ನ ಲಿಬ್ ಫೋಲ್ಡರ್‌ನಲ್ಲಿ ಒಂದೇ ಕಡೆ ಇಡಿ. ಒಂದೊಂದು ಅಪ್ಲಿಕೇಶನ್‌ನ ವಾರ್ ಫೈಲ್ ಒಳಗೂ ಒಂದೊಂದು ಪ್ರತಿ ತುರುಕಿದ್ರೆ ಎರಡನೇ ಅಪ್ಲಿಕೇಶನ್ ಏಳುವಾಗ 'ಬೇರೆ ಕ್ಲಾಸ್‌ಲೋಡರ್‌ನಲ್ಲಿ ಆಗ್ಲೇ ಲೋಡ್ ಆಗಿದೆ' ಅಂತ ಹೊಸ ತಕರಾರು ಶುರು.

ಪ್ರಶ್ನೆ: ಆಡಿಟ್‌ನವ್ರು ಹೇಳಿದ್ರು ಅಂತ ಆರ್‌ಎಫ್‌ಸಿ ಯೂಸರ್ ಪಾಸ್‌ವರ್ಡ್ ಬದಲಾಯಿಸಿದ್ವಿ. ಅನ್‌ಲಾಕ್ ಮಾಡಿದ ಎರಡೇ ನಿಮಿಷಕ್ಕೆ ಮತ್ತೆ ಲಾಕ್ ಆಗ್ತಿದೆ. ಎಲ್ಲಾ ಕಡೆ ಹೊಸದೇ ಹಾಕಿದೀವಿ.
(ಓದುಗರು, ಹುಬ್ಬಳ್ಳಿ)

ಉತ್ತರ: ಎಲ್ಲಾ ಕಡೆ ಹಾಕಿಲ್ಲ ಸರ್, ಹಾಕಿದೀವಿ ಅಂದ್ಕೊಂಡಿದೀರ. ಎಲ್ಲೋ ಒಂದು ಕಡೆ ಹಳೇ ಪಾಸ್‌ವರ್ಡ್ ಹಿಡ್ಕೊಂಡು ಒಂದು ಪ್ರೋಗ್ರಾಂ ಬಾಗಿಲು ಬಡೀತಾನೇ ಇದೆ, ಡಿಫಾಲ್ಟಾಗಿ ಐದು ತಪ್ಪಿಗೆ ಲಾಕ್. ಸೆಕ್ಯುರಿಟಿ ಆಡಿಟ್ ಲಾಗ್ ಆನ್ ಇದ್ರೆ ಅದನ್ನ ತೋರ್ಸೋ ಎಸ್‌ಎಂ20ನಲ್ಲಿ ಯಾವ ಮಷೀನ್‌ನಿಂದ ಬಂತು ಅಂತ ನೋಡಿ. ಮುಂದಿನ ಸಲ ಪಾಸ್‌ವರ್ಡ್ ಬದಲಾಯಿಸೋ ಬದಲು ಎರಡನೇ ಯೂಸರ್ ಮಾಡಿ, ಸಿಸ್ಟಮ್ ಟೈಪ್‌ದು, ಅದಕ್ಕೆ ಪಾಸ್‌ವರ್ಡ್ ಅವಧಿ ಮುಗಿಯೋ ಕಾಟ ಇಲ್ಲ. ಅಪ್ಲಿಕೇಶನ್‌ಗಳನ್ನ ಒಂದೊಂದಾಗಿ ಅದಕ್ಕೆ ದಾಟಿಸಿ, ಹಳೇದ್ರಲ್ಲಿ ಯಾರೂ ಬರ್ತಿಲ್ಲ ಅಂತ ಖಾತ್ರಿಯಾದ್ಮೇಲೆ ನೀವೇ ಅದನ್ನ ಲಾಕ್ ಮಾಡಿ. ನಾನು ಮುಂಚೆ ಇದ್ದ ಒಂದು ಕಡೆ ಇದೇ ಕಥೆಗೆ ಮೂರು ದಿನ ಒದ್ದಾಡಿದ್ವಿ. ಕೊನೆಗೆ ಸಿಕ್ಕಿದ್ದು ಕೆಲಸ ಬಿಟ್ಟು ಹೋದವನ ಮೇಜಿನ ಕೆಳಗೆ ಧೂಳು ಹಿಡಿದು ಗುಯ್‌ಗುಟ್ಟುತ್ತಿದ್ದ ಟೆಸ್ಟ್ ಮಷೀನು. ಅದನ್ನ ಆಫ್ ಮಾಡೋದು ಯಾರ ಜವಾಬ್ದಾರಿ ಅಂತ ಇನ್ನೂ ಅರ್ಧ ದಿನ ಮೀಟಿಂಗ್ ನಡೀತು.