ಪರೀಕ್ಷೆಯ ತಂತ್ರಾಂಶವೂ ತೋಟದ ಲೆಕ್ಕವೂ ಒಂದೇ ಲ್ಯಾಪ್‌ಟಾಪಿನಲ್ಲಿ

ಪ್ರಶ್ನೆ: ನಾವು ನಾಪೋಕ್ಲು ಬಳಿಯ ಕಾಫಿ ಬೆಳೆಗಾರರು. ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ, ವಯಸ್ಸು 17. ಜಿಲ್ಲೆಯ ಹೊರಗಿನ ತರಬೇತಿ ಸಂಸ್ಥೆಯೊಂದರ ಆನ್‌ಲೈನ್ ತರಗತಿಗೆ ಸೇರಿಸಿದ್ದೇವೆ. ತಿಂಗಳ ಪರೀಕ್ಷೆ ಬರೆಯಲು ಒಂದು ತಂತ್ರಾಂಶವನ್ನು ಕಡ್ಡಾಯವಾಗಿ ಹಾಕಿಕೊಳ್ಳಬೇಕೆಂದು ಸಂಸ್ಥೆಯವರು ಹೇಳಿದ್ದಾರೆ. ಅದು ಕ್ಯಾಮೆರಾ, ಮೈಕ್ ಮತ್ತು ಪರದೆಯನ್ನು ಗಮನಿಸುತ್ತಿರುತ್ತದಂತೆ. ನಮ್ಮಲ್ಲಿ ನೆಟ್‌ವರ್ಕ್ ತೀರಾ ನಿಧಾನವಾದ್ದರಿಂದ ಸಹಪಾಠಿಯೊಬ್ಬಳು ಸೆಟಪ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟಿದ್ದಾಳೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಸೂಚನೆಯಲ್ಲಿ ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂದಿದೆ. ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. ತೋಟದ ಲೆಕ್ಕ, ಕೆಲಸಗಾರರ ಆಧಾರ್ ಪ್ರತಿಗಳು, ಬ್ಯಾಂಕ್ ವ್ಯವಹಾರ ಎಲ್ಲವೂ ಅದರಲ್ಲೇ ಇವೆ. ಇದನ್ನು ಹಾಕಿಕೊಳ್ಳಬಹುದೇ?

ಉತ್ತರ: ಆ ಪೆನ್‌ಡ್ರೈವ್‌ನಲ್ಲಿರುವ ಫೈಲನ್ನು ಸದ್ಯಕ್ಕೆ ತೆರೆಯಬೇಡಿ, ಆಂಟಿವೈರಸನ್ನು ಆಫ್ ಮಾಡಬೇಡಿ. ತಂತ್ರಾಂಶವೇ ಬೇಡವೆಂದು ನಾನು ಹೇಳುತ್ತಿಲ್ಲ. ಮಗಳ ಪರೀಕ್ಷೆ ತಪ್ಪಬಾರದು, ಹಾಗೆಂದು ತೋಟದ ಲೆಕ್ಕವೂ ಕೆಲಸಗಾರರ ದಾಖಲೆಗಳೂ ಅಪಾಯಕ್ಕೆ ಸಿಲುಕಬಾರದು, ಎರಡಕ್ಕೂ ದಾರಿಯಿದೆ. ಆದರೆ ‘ಈ ತಂತ್ರಾಂಶ ಸುರಕ್ಷಿತವೇ?’ ಎಂದು ಅದೊಂದನ್ನೇ ಹಿಡಿದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಪರೀಕ್ಷೆಗೆಂದೇ ಮೀಸಲಾದ ಕಂಪ್ಯೂಟರಿನಲ್ಲಿ ನಿಶ್ಚಿಂತೆಯಿಂದ ಹಾಕಿಕೊಳ್ಳಬಹುದಾದ ತಂತ್ರಾಂಶವನ್ನೇ ನಿಮ್ಮ ಲ್ಯಾಪ್‌ಟಾಪಿನಲ್ಲಿ ಹಾಕುವ ಮುನ್ನ ನಾನು ಹತ್ತು ಸಲ ಯೋಚಿಸುತ್ತೇನೆ. ಅದರ ಪಕ್ಕದಲ್ಲಿ ಏನೇನಿದೆ ಎಂಬುದರ ಮೇಲೆ ಅಪಾಯದ ಅಳತೆ ನಿಂತಿದೆ.

ಮೊದಲು ಪೆನ್‌ಡ್ರೈವ್ ವಿಷಯ. ಮಳೆಗಾಲದಲ್ಲಿ ವಾರಗಟ್ಟಲೆ ನೆಟ್‌ವರ್ಕ್ ಕೈಕೊಡುವ ನಮ್ಮ ಜಿಲ್ಲೆಯಲ್ಲಿ ಒಬ್ಬರು ಡೌನ್‌ಲೋಡ್ ಮಾಡಿದ್ದನ್ನು ಹತ್ತು ಮನೆಯವರು ಹಂಚಿಕೊಳ್ಳುವುದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಸಹಪಾಠಿಯ ಮೇಲೆ ಅನುಮಾನವೂ ಬೇಡ. ಆದರೆ ಆ ಫೈಲು ಅವಳ ಕೈಗೆ ಎಲ್ಲಿಂದ ಬಂತು, ನಡುವೆ ಎಷ್ಟು ಕಂಪ್ಯೂಟರುಗಳನ್ನು ಹಾದುಬಂತು ಎಂಬುದು ಅವಳಿಗೂ ಗೊತ್ತಿರಲಾರದು. ಆದ್ದರಿಂದ ಕೊಟ್ಟವರು ಯಾರೆಂದು ನೋಡುವುದಕ್ಕಿಂತ ಫೈಲನ್ನೇ ಪರಿಶೀಲಿಸುವುದು ಮೇಲು. ವಿಂಡೋಸ್‌ನಲ್ಲಿ ಆ ಫೈಲಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದರೆ, ತಯಾರಕರು ಸಹಿ ಮಾಡಿದ ಫೈಲಾಗಿದ್ದಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಎಂಬ ಭಾಗ ಕಾಣುತ್ತದೆ. ಅದರೊಳಗಿನ ಹೆಸರನ್ನು ಆಯ್ದು ಡೀಟೇಲ್ಸ್ ಒತ್ತಿ, ಸಹಿ ಸರಿಯಾಗಿದೆ ಎಂಬ ಸಾಲು ಬರುತ್ತದೆಯೇ, ಸಹಿಯ ಹೆಸರು ಸಂಸ್ಥೆಯವರು ಹೇಳಿದ ತಯಾರಕರದ್ದೇ ಹೌದೇ ಎಂದು ನೋಡಿ. ಸಹಿ ಮಾಡಿದ ಮೇಲೆ ಫೈಲಿನಲ್ಲಿ ಒಂದಕ್ಷರ ಬದಲಾಗಿದ್ದರೂ ಆ ಸಹಿ ಕೆಡುತ್ತದೆ; ಆದ್ದರಿಂದ ಸರಿಯಾದ ಸಹಿಯುಳ್ಳ ಫೈಲು ಹತ್ತು ಪೆನ್‌ಡ್ರೈವ್ ದಾಟಿ ಬಂದಿದ್ದರೂ ಮೂಲದ್ದೇ ಎಂದು ನಂಬಬಹುದು. ಸಹಿಯೇ ಇಲ್ಲದಿದ್ದರೆ ಅಥವಾ ಹೆಸರು ಬೇರೆಯಾಗಿದ್ದರೆ ಅದನ್ನು ಅಲ್ಲಿಗೇ ಬಿಟ್ಟು, ತಯಾರಕರ ಅಧಿಕೃತ ಜಾಲತಾಣದಿಂದ ನೀವೇ ಇಳಿಸಿಕೊಳ್ಳಿ. ಅದಕ್ಕಾಗಿ ಮಡಿಕೇರಿಗೋ ವಿರಾಜಪೇಟೆಗೋ ಹೋಗಿಬರಬೇಕಾದರೂ ಒಂದು ದಿನದ ಶ್ರಮ ವ್ಯರ್ಥವಲ್ಲ.

ಇದರ ಜೊತೆಗೆ ವೈರಸ್‌ಟೋಟಲ್ ಎಂಬ ಗೂಗಲ್ ಒಡೆತನದ ತಾಣದಲ್ಲಿಯೂ ಫೈಲನ್ನು ಪರೀಕ್ಷಿಸಬಹುದು. ಅದು ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯವನ್ನು ಒಂದೇ ಕಡೆ ತೋರಿಸುತ್ತದೆ. ಒಂದು ಎಚ್ಚರ: ಅಲ್ಲಿ ಏರಿಸಿದ ಫೈಲುಗಳನ್ನು ಭದ್ರತಾ ಸಂಶೋಧಕರು ನೋಡಬಹುದಾದ್ದರಿಂದ ಸೆಟಪ್ ಫೈಲುಗಳನ್ನಷ್ಟೇ ಹಾಕಬೇಕು, ಮನೆಯ ದಾಖಲೆಗಳನ್ನು ಎಂದಿಗೂ ಹಾಕಬಾರದು. ಎಲ್ಲವೂ ಹಸಿರಾಗಿ ಕಂಡಿತೆಂದು ಸಮಾಧಾನಪಡುವಂತೆಯೂ ಇಲ್ಲ. ದೂರದಿಂದ ಕಂಪ್ಯೂಟರ್ ನಡೆಸಲು ಬಳಸುವ ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥವು ವೈರಸ್‌ಗಳಲ್ಲ; ವಂಚಕರ ಕೈಗೆ ಸಿಕ್ಕಾಗ ಅವುಗಳಿಂದಲೇ ಬ್ಯಾಂಕ್ ಖಾತೆಗಳು ಖಾಲಿಯಾಗಿವೆ. ‘ಪರೀಕ್ಷೆಗೆ ಸಹಾಯ ಮಾಡುತ್ತೇವೆ’ ಎಂದು ಯಾರಾದರೂ ಅಂಥದ್ದನ್ನು ಹಾಕಿಸಲು ಬಂದರೆ ನಿಮ್ಮ ಈ ಲ್ಯಾಪ್‌ಟಾಪಿನಲ್ಲಿ ಖಂಡಿತ ಒಪ್ಪಬೇಡಿ.

ಆಂಟಿವೈರಸ್ ಆಫ್ ಮಾಡಿಸುವ ಸೂಚನೆಯನ್ನು ಸ್ವಲ್ಪ ನ್ಯಾಯವಾಗಿ ನೋಡೋಣ. ಪರೀಕ್ಷಾ ತಂತ್ರಾಂಶಗಳು ಬೇರೆ ಕಿಟಕಿಗಳನ್ನು ತಡೆಯುತ್ತವೆ, ಕೀಲಿಮಣೆಯ ಕೆಲವು ಕೀಲಿಗಳನ್ನು ಕಟ್ಟಿಹಾಕುತ್ತವೆ, ಪರದೆಯನ್ನು ದಾಖಲಿಸುತ್ತವೆ. ಬೇಹುಗಾರಿಕೆಯ ತಂತ್ರಾಂಶಗಳ ನಡವಳಿಕೆಯೂ ಹೆಚ್ಚುಕಡಿಮೆ ಇದೇ ಆಗಿರುವುದರಿಂದ ಆಂಟಿವೈರಸ್ ಕೆಲವೊಮ್ಮೆ ನಿರಪರಾಧಿ ತಂತ್ರಾಂಶವನ್ನೂ ಹಿಡಿಯುತ್ತದೆ. ಹಾಗಿದ್ದರೂ ಜವಾಬ್ದಾರಿಯುಳ್ಳ ತಯಾರಕರು ತಮ್ಮ ಒಂದು ಪ್ರೋಗ್ರಾಮಿಗೆ ಮಾತ್ರ ವಿನಾಯಿತಿ ಕೊಡುವ ಕ್ರಮವನ್ನು ತಿಳಿಸುತ್ತಾರೆ. ಇಡೀ ಕಾವಲನ್ನೇ ತೆಗೆಯಿರಿ ಎನ್ನುವುದಿಲ್ಲ. ಆ ವಾಟ್ಸ್‌ಆ್ಯಪ್ ಸೂಚನೆ ಸಂಸ್ಥೆಯಿಂದಲೇ ಬಂದದ್ದೋ, ಗುಂಪಿನಲ್ಲಿ ಯಾರೋ ಸೇರಿಸಿದ್ದೋ ಎಂದು ಸಂಸ್ಥೆಯ ಕಚೇರಿಗೆ ಕರೆ ಮಾಡಿ ವಿಚಾರಿಸಿ. ಸಂಸ್ಥೆಯದ್ದೇ ಆಗಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ.

ಮೂಲ ಸರಿಯಾಗಿದೆ, ತಯಾರಕರೂ ಹೆಸರುವಾಸಿ ಎಂದಾದರೆ ಚಿಂತೆ ಮುಗಿಯಿತೇ? ಇಲ್ಲಿಯೇ ಅನೇಕ ಪೋಷಕರು ತಪ್ಪುತ್ತಾರೆ. ಕೇಡು ಮಾಡುವ ಉದ್ದೇಶವೇ ಇಲ್ಲದವರು ಬರೆದ ತಂತ್ರಾಂಶದಲ್ಲೂ ಲೋಪಗಳಿರುತ್ತವೆ. 2019ರ ಜುಲೈನಲ್ಲಿ ಜೂಮ್‌ನ ಮ್ಯಾಕ್ ಆವೃತ್ತಿಯಲ್ಲಿ ಇಂಥದೊಂದು ಲೋಪ ಬೆಳಕಿಗೆ ಬಂತು. ಜಾಲತಾಣವೊಂದು ಬಳಕೆದಾರರ ಒಪ್ಪಿಗೆಯಿಲ್ಲದೆ ಅವರನ್ನು ಸಭೆಗೆ ಸೇರಿಸಿ ಕ್ಯಾಮೆರಾ ತೆರೆಸಬಹುದಾಗಿತ್ತು; ಜೂಮ್ ಅನ್ನು ತೆಗೆದುಹಾಕಿದ ಮೇಲೂ ಅದರ ಒಂದು ಭಾಗ ಕಂಪ್ಯೂಟರಿನಲ್ಲಿ ಉಳಿದುಕೊಳ್ಳುತ್ತಿತ್ತು, ಕೊನೆಗೆ ಆಪಲ್ ಕಂಪನಿಯೇ ಅಪ್‌ಡೇಟ್ ಮೂಲಕ ಅದನ್ನು ಅಳಿಸಬೇಕಾಯಿತು. ಲಾಕ್‌ಡೌನ್ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ನಮ್ಮ ಕೇಂದ್ರ ಗೃಹ ಸಚಿವಾಲಯವು ಜೂಮ್ ಸುರಕ್ಷಿತ ವೇದಿಕೆಯಲ್ಲವೆಂದು ಎಚ್ಚರಿಸಿ, ಬಳಸುವವರು ಪಾಸ್‌ವರ್ಡ್ ಮತ್ತು ವೇಟಿಂಗ್ ರೂಮ್‌ನಂಥ ಯಾವ ಯಾವ ಸೆಟ್ಟಿಂಗ್ ಇಟ್ಟುಕೊಳ್ಳಬೇಕೆಂದೂ ತಿಳಿಸಿತ್ತು. 2021ರಲ್ಲಿ ಶಿಕ್ಷಕರು ವಿದ್ಯಾರ್ಥಿಗಳ ಪರದೆಗಳನ್ನು ಗಮನಿಸಲು ಬಳಸುತ್ತಿದ್ದ ನೆಟಾಪ್ ವಿಷನ್ ಪ್ರೊ ಎಂಬ ತಂತ್ರಾಂಶದಲ್ಲಿ ಮೆಕಾಫಿ ಸಂಶೋಧಕರು ಗಂಭೀರ ದೋಷಗಳನ್ನು ಕಂಡರು: ಅದೇ ನೆಟ್‌ವರ್ಕಿನಲ್ಲಿರುವ ಮೂರನೆಯವರು ವಿದ್ಯಾರ್ಥಿಯ ಕಂಪ್ಯೂಟರಿನ ಮೇಲೆ ಪೂರ್ತಿ ಹಿಡಿತ ಸಾಧಿಸಲು ಸಾಧ್ಯವಿತ್ತು. ಈ ಲೋಪಗಳು ನಂತರ ಸರಿಯಾದವು. ಹಾಗೆ ಸರಿಯಾಗುವುದಕ್ಕೆ ಮೊದಲು ಅವು ಎಷ್ಟೋ ಮನೆಗಳ ಕಂಪ್ಯೂಟರುಗಳಲ್ಲಿ ಇದ್ದವು.

ಲೋಪದ ಪರಿಣಾಮ ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ಆ ತಂತ್ರಾಂಶಕ್ಕೆ ಕೊಟ್ಟ ಅಧಿಕಾರ ನಿರ್ಧರಿಸುತ್ತದೆ. ಬ್ರೌಸರ್‌ನಲ್ಲಿ ಲಿಂಕ್ ತೆರೆದು ನಡೆಯುವ ತರಗತಿ ಎಲ್ಲಕ್ಕಿಂತ ಕಡಿಮೆ ಅಪಾಯದ್ದು. ಕ್ಯಾಮೆರಾ ಮತ್ತು ಮೈಕ್‌ಗೆ ಅನುಮತಿ ಕೇಳುತ್ತದೆ, ಕಿಟಕಿ ಮುಚ್ಚಿದರೆ ಅಲ್ಲಿಗೆ ಮುಗಿಯಿತು. ಬ್ರೌಸರ್‌ಗೆ ಎಕ್ಸ್‌ಟೆನ್ಷನ್ ಎಂಬ ಪುಟ್ಟ ಹೆಚ್ಚುವರಿ ತಂತ್ರಾಂಶ ಸೇರಿಸಿರಿ ಎಂದರೆ ವಿಷಯ ಬದಲಾಗುತ್ತದೆ, ಏಕೆಂದರೆ ಪರೀಕ್ಷೆಯ ಎಕ್ಸ್‌ಟೆನ್ಷನ್‌ಗಳು ಹಲವು ವೇಳೆ ನೀವು ತೆರೆಯುವ ಎಲ್ಲ ತಾಣಗಳ ಮಾಹಿತಿಯನ್ನು ಓದುವ ಮತ್ತು ಬದಲಿಸುವ ಅನುಮತಿಯನ್ನು ಕೇಳುತ್ತವೆ, ಬ್ಯಾಂಕಿನ ಪುಟವೂ ಅದರಲ್ಲಿ ಸೇರಿತು. ಕ್ರೋಮ್‌ನಲ್ಲಿ ಪರೀಕ್ಷೆಗೆಂದೇ ಬೇರೆ ಪ್ರೊಫೈಲ್ ಮಾಡಿ ಅದರಲ್ಲಿ ಮಾತ್ರ ಎಕ್ಸ್‌ಟೆನ್ಷನ್ ಹಾಕಿದರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ನಿಮಗೆ ಹೇಳಿರುವುದು ಮೂರನೆಯ ಬಗೆ, ಅಡ್ಮಿನಿಸ್ಟ್ರೇಟರ್ ಅನುಮತಿ, ಅಂದರೆ ಇಡೀ ಕಂಪ್ಯೂಟರಿನ ಮೇಲಿನ ಅಧಿಕಾರ, ಪಡೆದು ಅದರ ಒಳಗೇ ನೆಲೆಯೂರುವ ಪ್ರೋಗ್ರಾಮ್. ಇದರಲ್ಲಿಯೂ ಒಳ್ಳೆಯ ಮಾದರಿಗಳಿವೆ. ಸ್ವಿಟ್ಜರ್‌ಲ್ಯಾಂಡಿನ ಇಟಿಎಚ್ ಜ್ಯೂರಿಕ್ ಸಂಸ್ಥೆಯಲ್ಲಿ ರೂಪುಗೊಂಡ ಸೇಫ್ ಎಕ್ಸಾಮ್ ಬ್ರೌಸರ್ ಎಂಬ ಪರೀಕ್ಷಾ ತಂತ್ರಾಂಶದ ಒಳಬರಹ (ಸೋರ್ಸ್ ಕೋಡ್) ಬಹಿರಂಗವಾಗಿದ್ದು, ತಿಳಿದವರು ಯಾರು ಬೇಕಾದರೂ ಪರಿಶೀಲಿಸಬಹುದು. ಆದರೆ ಅಡ್ಮಿನಿಸ್ಟ್ರೇಟರ್ ಅನುಮತಿ ಪಡೆದ ಯಾವುದೇ ಪ್ರೋಗ್ರಾಮಿಗೆ ಆ ಕಂಪ್ಯೂಟರಿನಲ್ಲಿ ಮುಚ್ಚಿದ ಬಾಗಿಲು ಎಂಬುದಿಲ್ಲ. ‘ಮಗಳಿಗೆ ಬೇರೆ ಯೂಸರ್ ಖಾತೆ ಮಾಡಿಕೊಟ್ಟಿದ್ದೇವೆ’ ಎಂದು ಕೆಲವರು ನೆಮ್ಮದಿಯಿಂದಿರುತ್ತಾರೆ; ಆ ಖಾತೆಯ ಗೋಡೆ ಇಂಥ ಪ್ರೋಗ್ರಾಮನ್ನು ತಡೆಯುವಷ್ಟು ಗಟ್ಟಿಯಲ್ಲ.

ಆದ್ದರಿಂದ ನಿಮ್ಮ ಮನೆಗೆ ನನ್ನ ಸಲಹೆ ಹೀಗಿದೆ. ತೋಟದ ಲೆಕ್ಕ ಮತ್ತು ಆಧಾರ್ ಪ್ರತಿಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ವರ್ಗಾಯಿಸಿ, ಅಲ್ಲಿ ಸರಿಯಾಗಿ ತೆರೆಯುತ್ತವೆಯೇ ಎಂದು ನೋಡಿ, ಇನ್ನೊಂದು ಪ್ರತಿಯನ್ನೂ ಮಾಡಿ ಇಟ್ಟುಕೊಂಡ ಮೇಲೆ ಲ್ಯಾಪ್‌ಟಾಪಿನಿಂದ ಅಳಿಸಿ, ಡಿಸ್ಕನ್ನು ಬೀರುವಿನಲ್ಲಿಡಿ. ಬ್ರೌಸರ್‌ನಲ್ಲಿ ಉಳಿಸಿರುವ ಬ್ಯಾಂಕಿನ ಮತ್ತು ಇಮೇಲಿನ ಪಾಸ್‌ವರ್ಡ್‌ಗಳನ್ನು ತೆಗೆದು, ಆ ಖಾತೆಗಳಿಂದ ಹೊರಬನ್ನಿ. ಪರೀಕ್ಷೆಗಳು ಮುಗಿಯುವವರೆಗೆ ಬ್ಯಾಂಕ್ ಕೆಲಸವನ್ನು ಫೋನಿನಲ್ಲೋ ಬ್ಯಾಂಕಿಗೇ ಹೋಗಿಯೋ ಮಾಡಿ. ಕೆಲಸಗಾರರ ಆಧಾರ್ ಪ್ರತಿಗಳ ಬಗ್ಗೆ ನಾನು ಒತ್ತಿ ಹೇಳುತ್ತೇನೆ: ಅವು ನಿಮ್ಮ ಸ್ವತ್ತಲ್ಲ, ಲೈನ್ ಮನೆಗಳಲ್ಲಿರುವವರು ನಿಮ್ಮನ್ನು ನಂಬಿ ಕೊಟ್ಟ ದಾಖಲೆಗಳು, ಅವು ಸೋರಿಹೋದರೆ ಕಷ್ಟಕ್ಕೆ ಸಿಲುಕುವವರು ಅವರು, ಮತ್ತು ಅದು ಹೇಗಾಯಿತೆಂದು ಅವರಿಗೆ ತಿಳಿಯುವುದೂ ಇಲ್ಲ. ಮನೆಯ ಮೂಲೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದು ತಂತ್ರಾಂಶ ಅದರಲ್ಲಿ ನಡೆಯುವಂತಿದ್ದರೆ ಇಷ್ಟೆಲ್ಲ ಬೇಕಾಗಿಲ್ಲ, ಅದನ್ನೇ ಪರೀಕ್ಷೆಗೆ ಮೀಸಲಿಡಿ. ಅದರಲ್ಲಿ ವಿಂಡೋಸ್ 10 ಇದ್ದರೆ, 2025ರ ಅಕ್ಟೋಬರ್ 14ರಂದು ಅದರ ಸಾಮಾನ್ಯ ಭದ್ರತಾ ಅಪ್‌ಡೇಟ್‌ಗಳು ನಿಂತಿರುವುದರಿಂದ ಬೇರೆ ಯಾವ ಕೆಲಸಕ್ಕೂ ಬಳಸಬೇಡಿ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸುವ ವರ್ಚುವಲ್ ಯಂತ್ರದ ಉಪಾಯವನ್ನು ತಿಳಿದವರು ಹೇಳಬಹುದು. ಪರೀಕ್ಷಾ ತಂತ್ರಾಂಶಗಳು ಸಾಮಾನ್ಯವಾಗಿ ಅದನ್ನು ಗುರುತಿಸಿ ತಡೆಯುತ್ತವೆ, ಮಗಳ ಮೇಲೆ ನಕಲಿನ ಅನುಮಾನವೂ ಬರಬಹುದು.

ಸಂಸ್ಥೆಯನ್ನು ಪ್ರಶ್ನಿಸಲು ಹಿಂಜರಿಯಬೇಡಿ. ಶುಲ್ಕ ಕಟ್ಟಿದವರು ನೀವು, ಕ್ಯಾಮೆರಾದಲ್ಲಿ ಕಾಣುವುದು ನಿಮ್ಮ ಮಗಳು ಮತ್ತು ನಿಮ್ಮ ಮನೆಯ ಒಳಗು. ದಾಖಲಾದ ದೃಶ್ಯವನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಪರೀಕ್ಷೆ ಮುಗಿದ ಮೇಲೂ ತಂತ್ರಾಂಶ ಹಿನ್ನೆಲೆಯಲ್ಲಿ ನಡೆಯುತ್ತಿರುತ್ತದೆಯೇ ಎಂದು ಇಮೇಲಿನಲ್ಲಿ ಕೇಳಿ. ಈ ಪ್ರಶ್ನೆಗಳು ಅತಿಯೆನಿಸಿದರೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 2010ರಲ್ಲಿ ಹೊರಬಿದ್ದ ಪ್ರಕರಣವನ್ನು ನೆನಪಿಡಿ: ಲೋವರ್ ಮೆರಿಯನ್ ಶಾಲಾ ಜಿಲ್ಲೆಯು ವಿದ್ಯಾರ್ಥಿಗಳಿಗೆ ಕೊಟ್ಟ ಲ್ಯಾಪ್‌ಟಾಪುಗಳಲ್ಲಿ, ಕಳೆದುಹೋದವನ್ನು ಪತ್ತೆಮಾಡಲೆಂದು ಇದ್ದ ವ್ಯವಸ್ಥೆಯೇ ಮಕ್ಕಳ ಮನೆಯೊಳಗಿನ ಚಿತ್ರಗಳನ್ನು ತೆಗೆದಿತ್ತು, ಕೊನೆಗೆ ಶಾಲಾ ಜಿಲ್ಲೆ 6,10,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ ಮತ್ತು ಅವರ ಮಾಹಿತಿ ಬಳಸಲು ಪೋಷಕರ ದೃಢಪಟ್ಟ ಒಪ್ಪಿಗೆ ಬೇಕೆನ್ನುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತಿವೆ, ಶಿಕ್ಷಣ ಸಂಸ್ಥೆಗಳಿಗೆ ಕೆಲವು ರಿಯಾಯಿತಿಗಳೂ ಇವೆ. ಹಾಗಾಗಿ ಕಾನೂನಿನ ಹೆಸರು ಹೇಳಿ ಹೆದರಿಸುವುದಕ್ಕಿಂತ, ಒಪ್ಪಿಗೆ ಕೊಡಬೇಕಾದವರು ನಾವು, ಅದಕ್ಕೆ ಮೊದಲು ಈ ವಿವರಗಳು ಬೇಕು ಎಂದು ಬರೆಯುವುದು ಹೆಚ್ಚು ಫಲ ಕೊಡುತ್ತದೆ. ಕರೆಂಟು ಹೋದರೆ ಅಥವಾ ನೆಟ್‌ವರ್ಕ್ ಕಡಿದರೆ ತಂತ್ರಾಂಶ ಅದನ್ನು ನಕಲೆಂದು ಗುರುತಿಸುತ್ತದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಸೇರಿಸಿ. ಜುಲೈ ತಿಂಗಳ ನಾಪೋಕ್ಲು ಹೇಗಿರುತ್ತದೆಂದು ದೂರದ ಊರಿನವರಿಗೆ ತಿಳಿದಿರುವುದಿಲ್ಲ.

ಪರೀಕ್ಷೆಗಳೆಲ್ಲ ಮುಗಿದ ದಿನವೇ ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಿಂದ ತಂತ್ರಾಂಶವನ್ನು ತೆಗೆದು, ಲ್ಯಾಪ್‌ಟಾಪನ್ನು ಮರುಚಾಲನೆ ಮಾಡಿ, ಪಟ್ಟಿಯಲ್ಲಿ, ಬ್ರೌಸರ್‌ನಲ್ಲಿ ಮತ್ತು ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಭಾಗದಲ್ಲಿ ಅದರ ಹೆಸರು ಉಳಿದಿಲ್ಲವೆಂದು ನೋಡಿಕೊಳ್ಳಿ. ಆ ಮೇಲೆ ಡಿಸ್ಕನ್ನು ಬೀರುವಿನಿಂದ ತೆಗೆಯಬಹುದು.

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯ ಪ್ರಾಥಮಿಕ ಶಾಲಾ ಶಿಕ್ಷಕಿ. ಮಳೆಗೆ ರಜೆ ಬಂದಾಗ ಪಾಠ ನಡೆಸಲು ಒಂದು ಆ್ಯಪ್‌ನ ಎಪಿಕೆ ಫೈಲನ್ನು (ಪ್ಲೇ ಸ್ಟೋರ್ ಇಲ್ಲದೆ ಆ್ಯಂಡ್ರಾಯ್ಡ್ ಫೋನಿಗೆ ನೇರವಾಗಿ ಆ್ಯಪ್ ಹಾಕುವ ಫೈಲು) ಪೋಷಕರ ಗುಂಪಿಗೆ ಕಳುಹಿಸಿದ್ದೆ. ಕೆಲವರು ಹೆದರಿ ಹಾಕಿಕೊಳ್ಳುತ್ತಿಲ್ಲ. ಅವರಿಗೆ ಏನು ಹೇಳಲಿ?

ಉತ್ತರ: ಅವರ ಹೆದರಿಕೆ ಸರಿಯಾದದ್ದು, ದಯವಿಟ್ಟು ಅದನ್ನು ಹೋಗಲಾಡಿಸಬೇಡಿ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚೀಟಿ ಎಂದು ಹೇಳಿಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಬರುವ ವಂಚನೆಯ ಫೈಲುಗಳೂ ಎಪಿಕೆಗಳೇ. ಟೀಚರ್ ಕಳುಹಿಸಿದ್ದನ್ನು ಹಾಕಿಕೊಂಡು ರೂಢಿಯಾದ ತಂದೆತಾಯಿ ನಾಳೆ ಬೇರೆಯವರದ್ದನ್ನೂ ಅಷ್ಟೇ ನಂಬಿಕೆಯಿಂದ ಒತ್ತುತ್ತಾರೆ. ಗುಂಪಿನಲ್ಲಿರುವ ಆ ಫೈಲನ್ನು ಅಳಿಸಿ, ಅದೇ ಆ್ಯಪ್ ಪ್ಲೇ ಸ್ಟೋರ್‌ನಲ್ಲಿದ್ದರೆ ಅಲ್ಲಿನ ಲಿಂಕ್ ಕಳುಹಿಸಿ. ಇಲ್ಲದಿದ್ದರೆ ಬೇರೆ ಆ್ಯಪ್ ಆರಿಸಿಕೊಳ್ಳಿ. ಪಾಠದ ಆ್ಯಪ್‌ಗೆ ಕ್ಯಾಮೆರಾ ಮತ್ತು ಮೈಕ್ ಬೇಕಾಗಬಹುದು, ಎಸ್‌ಎಂಎಸ್ ಓದುವ ಅನುಮತಿಯೂ ಆ್ಯಕ್ಸೆಸಿಬಿಲಿಟಿ ಅನುಮತಿಯೂ ಬೇಕಾಗಿಲ್ಲ. ಮೊದಲನೆಯದು ಒಟಿಪಿಯನ್ನು ಓದುತ್ತದೆ, ಎರಡನೆಯದು ಪರದೆಯ ಮೇಲಿರುವುದನ್ನೆಲ್ಲ ನೋಡಿ ನಿಮ್ಮ ಪರವಾಗಿ ಗುಂಡಿ ಒತ್ತಬಲ್ಲದು. ಮನೆಯಲ್ಲಿರುವ ಒಂದೇ ಫೋನಿನಲ್ಲಿ ಮಗುವಿನ ಪಾಠವೂ ಅಪ್ಪನ ಕೂಲಿ ಹಣವೂ ಇರುವಾಗ ಈ ಎರಡು ಅನುಮತಿಗಳು ಎಷ್ಟು ಅಪಾಯಕಾರಿ ಎಂಬುದನ್ನು ಪೋಷಕರ ಸಭೆಯಲ್ಲಿ ಫೋನ್ ಹಿಡಿದು ತೋರಿಸಿ. ಈಗಾಗಲೇ ಅಪರಿಚಿತ ಎಪಿಕೆ ಹಾಕಿಕೊಂಡು ಹಣ ಕಳೆದುಕೊಂಡವರಿದ್ದರೆ ಮೊದಲು ಫೋನಿನ ಇಂಟರ್ನೆಟ್ ಸಂಪರ್ಕ ಕಡಿದು, ಬೇರೆ ಫೋನಿನಿಂದ ಬ್ಯಾಂಕಿಗೆ ಮತ್ತು 1930 ಸಹಾಯವಾಣಿಗೆ ತಡಮಾಡದೆ ಕರೆ ಮಾಡಲಿ.