ವಿಎಸ್ ಕೋಡ್‌ನಲ್ಲಿ ಫಂಕ್ಷನ್ ಅರ್ಧಕ್ಕೇ ಮಡಚಿಕೊಳ್ಳುವುದೇಕೆ?

ಕುಂಬಳೆಯ ನಿಮ್ಮ ಶಾಲೆಗೆ ಪೈಥಾನ್‌ನಲ್ಲಿ ಬರೆದ ಅಂಕಪಟ್ಟಿ ಫೈಲನ್ನು ವಿಎಸ್ ಕೋಡ್ ಎಂಬ ಎಡಿಟರಿನಲ್ಲಿ ತೆರೆದರೆ ಒಂದು ಫಂಕ್ಷನ್ ಪೂರ್ತಿ ಮಡಚಿಕೊಳ್ಳುವುದಿಲ್ಲ (ಅಂದರೆ ಮೊದಲ ಸಾಲಷ್ಟೇ ಕಂಡು ಉಳಿದದ್ದು ಮುಚ್ಚಿಕೊಳ್ಳುವುದಿಲ್ಲ), ಎಲ್ಲವನ್ನೂ ಮಡಚಿದರೆ ಕ್ಲಾಸಿನ ಒಳಗೇನಿದೆ ಎಂದೇ ಕಾಣುವುದಿಲ್ಲ ಎಂದು ಕೇಳಿದ್ದೀರಿ.

ಮೊದಲನೆಯದಕ್ಕೆ ಕಾರಣ ಹೆಚ್ಚಾಗಿ ಎಡ ಅಂಚಿಗೆ ಅಂಟಿಕೊಂಡ ಯಾವುದೋ ಒಂದು ಸಾಲು, ಮಾಷ್ಟ್ರೇ. ನೀವು ಸೇರಿಸಿಕೊಂಡ ಎಕ್ಸ್‌ಟೆನ್ಷನ್ (ಹೆಚ್ಚುವರಿ ಸೌಲಭ್ಯದ ತಂತ್ರಾಂಶ) ಬೇರೆ ಲೆಕ್ಕ ಕೊಡದಿದ್ದರೆ ವಿಎಸ್ ಕೋಡ್ ಸಾಲಿನ ಮುಂದಿನ ಖಾಲಿ ಜಾಗ ನೋಡಿಯೇ ಬ್ಲಾಕ್ ಎಲ್ಲಿಗೆ ಮುಗಿಯಿತೆಂದು ತೀರ್ಮಾನಿಸುತ್ತದೆ. ಫಂಕ್ಷನಿನ ನಡುವೆ ಒಂದು ಕಾಮೆಂಟಿನ ಹ್ಯಾಶ್ ಮೊದಲ ಕಾಲಮಿನಲ್ಲೇ ಕೂತರೆ ಪ್ರೋಗ್ರಾಂ ಸರಿಯಾಗೇ ಓಡುತ್ತದೆ, ಮಡಿಕೆ ಮಾತ್ರ ಅಲ್ಲಿಗೇ ತುಂಡಾಗುತ್ತದೆ. ಮೂರು ಉದ್ಧರಣ ಚಿಹ್ನೆಗಳೊಳಗಿನ ಉದ್ದ ಪಠ್ಯ, ಅಂದರೆ ರಕ್ಷಕರಿಗೆ ಮುದ್ರಿಸುವ ಸೂಚನೆಯಂಥದ್ದು, ಎಡಕ್ಕೆ ಒತ್ತಿಕೊಂಡಿದ್ದರೂ ಹಾಗೇ. ಕಾಮೆಂಟಾದರೆ ಕೋಡಿನ ಸಾಲಿಗೆ ಸರಿಯಾಗಿ ಒಳಕ್ಕೆ ತಳ್ಳಿ. ಪಠ್ಯವನ್ನು ತಳ್ಳಬೇಡಿ; ಆ ಖಾಲಿ ಜಾಗ ಮುದ್ರಣದಲ್ಲೂ ಬಂದು ಕೂರುತ್ತದೆ. ಅದನ್ನು ಫೈಲಿನ ಮೇಲ್ಭಾಗದಲ್ಲಿ ಒಂದು ವೇರಿಯಬಲ್ ಮಾಡಿ ಇಡಿ.

ಇನ್ನು ಎರಡನೆಯದು. ಕಂಟ್ರೋಲ್+ಕೆ, ಆಮೇಲೆ ಕಂಟ್ರೋಲ್+0 ಒತ್ತಿದರೆ ಒಳಗಿನ ಇಫ್, ಫಾರ್‌ಗಳೂ ಮಡಚಿಕೊಳ್ಳುತ್ತವೆ. ಕ್ಲಾಸ್ ತೆರೆದರೆ ಫಂಕ್ಷನ್, ಅದನ್ನು ತೆರೆದರೆ ಇಫ್, ಹೀಗೆ ಒಂದೊಂದನ್ನೇ ಬಿಡಿಸುತ್ತಾ ಹೋಗಬೇಕು. ನಿಮಗೆ ಬೇಕಾದ್ದು 0 ಅಲ್ಲ, 2. ಮೊದಲು ಕಂಟ್ರೋಲ್+ಕೆ, ಕಂಟ್ರೋಲ್+ಜೆ ಒತ್ತಿ ಎಲ್ಲವನ್ನೂ ಬಿಡಿಸಿ. ನಂತರ ಕಂಟ್ರೋಲ್+ಕೆ, ಕಂಟ್ರೋಲ್+2. ಕ್ಲಾಸ್ ತೆರೆದೇ ಇದ್ದು ಒಳಗಿನ ಫಂಕ್ಷನ್‌ಗಳ ಹೆಸರಷ್ಟೇ ಉಳಿಯುತ್ತದೆ. ಕ್ಲಾಸಿನ ಹೊರಗಿರುವ ಫಂಕ್ಷನ್‌ಗಳಿಗೆ 1. ಕರ್ಸರ್ ಇರುವ ಬ್ಲಾಕ್ ಮಾತ್ರ ಮಡಚುವುದಿಲ್ಲ. ಅದು ದೋಷವಲ್ಲ, ನೀವು ತಿದ್ದುತ್ತಿರುವ ಜಾಗ ಕಣ್ಮರೆಯಾಗದಿರಲಿ ಎಂಬ ವ್ಯವಸ್ಥೆ.

ಅಂಕಿಗಳನ್ನು ಮೇಲಿನ ಸಾಲಿನಿಂದಲೇ ಒತ್ತಿ. ಬಲಗಡೆಯ ನಂಬರ್ ಪ್ಯಾಡನ್ನು ವಿಎಸ್ ಕೋಡ್ ಬೇರೆ ಕೀಗಳೆಂದೇ ಲೆಕ್ಕ ಹಾಕುತ್ತದೆ. ಒಂದೇ ಬ್ಲಾಕ್ ಮಡಚಲು ಕಂಟ್ರೋಲ್+ಶಿಫ್ಟ್+[, ಬಿಡಿಸಲು ಕಂಟ್ರೋಲ್+ಶಿಫ್ಟ್+]. ಕನ್ನಡದ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ವಿನ್ಯಾಸದಲ್ಲಿ ಆ [ ಕೀಲಿಯ ಮೇಲೆ ಡ ಕೂತಿರುತ್ತದೆ. ಆದ್ದರಿಂದ ಶಾರ್ಟ್‌ಕಟ್ ಕೆಲಸ ಮಾಡದಿದ್ದರೆ ಮೊದಲು ಕೀಬೋರ್ಡನ್ನು ಇಂಗ್ಲಿಷಿಗೆ ತಿರುಗಿಸಿ ನೋಡಿ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಹಾಕಿಕೊಂಡಿರುವ ನಮ್ಮ ಕಡೆಯ ಕಂಪ್ಯೂಟರುಗಳಲ್ಲಿ ಯಾವುದು ಚಾಲ್ತಿಯಲ್ಲಿದೆ ಎಂದು ಮರೆತುಹೋಗುವುದು ಸುಲಭ.

ಹತ್ತಾರು ಫಂಕ್ಷನ್‌ಗಳನ್ನು ಒಂದೇ ಗುಂಪಾಗಿ ಮುಚ್ಚಿಡಬೇಕಿದ್ದರೆ ಮೇಲೆ ಹ್ಯಾಶ್ ಹಾಕಿ ರೀಜನ್, ಕೆಳಗೆ ಹ್ಯಾಶ್ ಹಾಕಿ ಎಂಡ್‌ರೀಜನ್ ಎಂದು ಬರೆಯಿರಿ. ಆ ಎರಡು ಪದ ಇಂಗ್ಲಿಷಿನಲ್ಲೇ (# region, # endregion) ಇರಬೇಕು. ಮುಂದಿನ ಹೆಸರು ‘ಹಾಜರಿ’, ‘ಅಂಕ’ ಎಂದು ಕನ್ನಡದಲ್ಲಿರಬಹುದು. ಕಂಟ್ರೋಲ್+ಕೆ, ಕಂಟ್ರೋಲ್+8 ಒತ್ತಿದರೆ ಇಂಥ ಗುಂಪುಗಳಷ್ಟೇ ಮಡಚುತ್ತವೆ, 9 ಒತ್ತಿದರೆ ತೆರೆಯುತ್ತವೆ.

ಲ್ಯಾಬಿನಲ್ಲಿ ಜೀನಿ ಎಡಿಟರ್ ಇದ್ದರೆ ಡಾಕ್ಯುಮೆಂಟ್ ಮೆನುವಿನಲ್ಲಿ ಎಲ್ಲವನ್ನೂ ಮಡಚುವ, ಬಿಡಿಸುವ ಆಯ್ಕೆಗಳಿವೆ. ಅಲ್ಲೂ ಪೈಥಾನ್ ಮಡಿಕೆ ಖಾಲಿ ಜಾಗದ ಲೆಕ್ಕದ ಮೇಲೇ ನಿಂತಿದೆ.