ಪಾಳಿಯ ಪುಸ್ತಕ ಮತ್ತು ಪಕ್ಕದ ಗದ್ದೆ

ಪ್ರಶ್ನೆ: ನಮ್ಮದು ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ಹಳ್ಳಿ. ನೀರು ಬಳಕೆದಾರರ ಸಂಘದ ಪಾಳಿ ಪುಸ್ತಕವನ್ನು ನೋಡಿಕೊಳ್ಳುವವರು ನಮ್ಮ ಮಾವನವರು. ಪಕ್ಕದ ಗದ್ದೆಯವರು ತಾಯಿಯನ್ನು ಆಸ್ಪತ್ರೆಗೆ ಸೇರಿಸಿ ಬರುವಷ್ಟರಲ್ಲಿ ಅವರ ಪಾಳಿ ಮುಗಿದುಹೋಗಿತ್ತು. ಭತ್ತ ಹೊಡೆಗೆ ಬಂದಿದೆ, ತೆನೆ ಹೊರಡುವ ಹೊತ್ತು, ಎರಡು ಗಂಟೆ ನೀರು ಬಿಡಿಸಿ ಎಂದು ರಾತ್ರಿ ಬಾಗಿಲಿಗೆ ಬಂದು ಕೇಳಿದರೂ ಮಾವನವರು ಪುಸ್ತಕ ತೆರೆದು, ಬೆರಳಿಟ್ಟು ಹೊತ್ತು ತೋರಿಸಿ, ನೀರು ಕೊಡುವ ಅಧಿಕಾರ ನನಗಿಲ್ಲ ಎಂದು ಕಳುಹಿಸಿದರು. ಈಗ ಡೈರಿಗೆ ಹಾಲು ಹಾಕಲು ಹೋದರೆ ಆ ಮನೆಯವರು ನನ್ನ ಮುಖ ನೋಡುವುದಿಲ್ಲ. ಇಷ್ಟೊಂದು ಕಟ್ಟುನಿಟ್ಟು ಸರಿಯೇ?
– ಒಬ್ಬ ಸೊಸೆ, ಮದ್ದೂರು ತಾಲ್ಲೂಕು

ಉತ್ತರ: ನಿಮ್ಮ ಮಾವನವರ ಭಯಕ್ಕೆ ಕಾರಣವಿದೆ. ಈ ನಾಲೆಗೆ ನೀರು ಕೊಡುವ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ಪೂರ್ತಿ 124.80 ಅಡಿ ತುಂಬಿದ ವರ್ಷದಲ್ಲಿಯೂ ಮದ್ದೂರು, ಮಳವಳ್ಳಿ ಕಡೆಯ ಕೊನೆಯ ಗದ್ದೆಗಳಿಗೆ ನೀರು ತಲುಪಲಿಲ್ಲವೆಂಬ ದೂರು ಕೇಳಿಬರುತ್ತದೆ. ಮೇಲಿನವರು ತೂಬು ಹಿಗ್ಗಿಸಿ, ಪಂಪು ಇಳಿಸಿ ಎಳೆದುಕೊಂಡ ಮೇಲೆ ಉಳಿಯುವುದು ನಾಲೆಯ ಕೆಸರು ಮಾತ್ರ. ಕೆಲವು ದಿನ ನೀರು ಹರಿಸಿ ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ಕೊನೆಯ ರೈತನಿಗೆ ಪಾಳಿಯ ಪುಸ್ತಕವಲ್ಲದೆ ಬೇರೆ ಆಸರೆಯಿಲ್ಲ. ಒಬ್ಬರಿಗೆ ಕರುಣೆಯಿಂದ ಬಿಟ್ಟ ಎರಡು ಗಂಟೆಯ ನೀರು ಇನ್ನೊಬ್ಬರ ಗದ್ದೆಯಿಂದಲೇ ಹೋಗಬೇಕು, ಆ ಇನ್ನೊಬ್ಬರು ಆ ರಾತ್ರಿ ನಿಮ್ಮ ಬಾಗಿಲಿನಲ್ಲಿ ನಿಂತಿರಲಿಲ್ಲ, ಅಷ್ಟೆ. (ಬಲವುಳ್ಳವರು ಬಂದಾಗ ಪುಸ್ತಕ ಮುಚ್ಚಿಡುವ ನಿಷ್ಠುರರೂ ಇದ್ದಾರೆ, ನಿಮ್ಮ ಮಾವನವರು ಆ ಜಾತಿಯವರೆಂದು ಪತ್ರದಿಂದ ತೋರುವುದಿಲ್ಲ.)

ಆದರೆ ಅವರು ಒಂದು ವ್ಯತ್ಯಾಸವನ್ನು ಗಮನಿಸಲಿಲ್ಲ. ಯಾರಿಗೆ ಎಷ್ಟು ಗಂಟೆಯ ನೀರು ಎಂಬುದು ಹಕ್ಕಿನ ಮಾತು, ಅದನ್ನು ಸಡಿಲಿಸಬಾರದು. ಯಾರು ಮೊದಲು, ಯಾರು ಆಮೇಲೆ ಎಂಬುದು ಬರೀ ಏರ್ಪಾಡು. ನೀರು ಕೊಡುವ ಅಧಿಕಾರ ತಮಗಿಲ್ಲ ಎಂದ ಅವರ ಮಾತು ನಿಜವೇ. ಆದರೆ ಅಂದು ಚಪ್ಪಲಿ ಮೆಟ್ಟಿ, ಬ್ಯಾಟರಿ ಹಿಡಿದು, ಪಕ್ಕದವರನ್ನು ಕರೆದುಕೊಂಡು ಮುಂದಿನ ಪಾಳಿಯವರ ಮನೆಗೆ ಹೋಗಿ, 'ನಿನ್ನದರಲ್ಲಿ ಎರಡು ಗಂಟೆ ಇವನಿಗೆ ಬಿಡು, ಮುಂದಿನ ಕಟ್ಟಿನಲ್ಲಿ ಇವನದರಲ್ಲಿ ಎರಡು ಗಂಟೆ ನಿನಗೆ' ಎಂದು ಕೇಳಿದ್ದರೆ ಪುಸ್ತಕದ ಲೆಕ್ಕವೂ ತಪ್ಪುತ್ತಿರಲಿಲ್ಲ, ಭತ್ತವೂ ಒಣಗುತ್ತಿರಲಿಲ್ಲ.

ಇಂಥವರೊಡನೆ 'ಸ್ವಲ್ಪ ಬಿಟ್ಟುಕೊಡಿ ಮಾವ' ಎಂದು ವಾದಿಸಿ ಫಲವಿಲ್ಲ. ಮುಂದಿನ ಕಟ್ಟಿಗೆ ನೀರು ಬರುವ ಮುಂಚೆ ಸಂಘದ ಸಭೆ ಸೇರಲಿ. ಸಾವು, ಕಾಯಿಲೆ, ಹೆರಿಗೆ ಬಂದ ಮನೆಯವರು ಇನ್ನೊಬ್ಬರ ಒಪ್ಪಿಗೆ ಪಡೆದು ಪಾಳಿ ಬದಲಿಸಿಕೊಳ್ಳಬಹುದು ಎಂದು ಅದೇ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಲಿ. ಬರೆಯುವ ಕೆಲಸವನ್ನು ಮಾವನವರಿಗೇ ಒಪ್ಪಿಸಿ, ಆಮೇಲೆ ಅದನ್ನೂ ಅವರು ಅಷ್ಟೇ ಕಟ್ಟುನಿಟ್ಟಾಗಿ ನಡೆಸುತ್ತಾರೆ. ಪಕ್ಕದವರ ತಾಯಿಯನ್ನು ನೋಡಿಬರಲು ಮಾತ್ರ ಸಭೆಗಾಗಿ ಕಾಯಬೇಡಿ. ನಾಳೆಯೇ ಹೋಗಿ, ಸಾಧ್ಯವಾದರೆ ಮಾವನವರನ್ನೂ ಕರೆದುಕೊಂಡು.